ಲಾಕ್‌ಡೌನ್‌ನಲ್ಲಿ ದವಾಖಾನೆಗೆ ಹೋಗದ ಮಕ್ಕಳು ಆರಾಮಾಗಿದ್ದರಾ? ಮಕ್ಕಳ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಇಂಡಿ ತಾಲ್ಲೂಕಿನ ಒಬ್ಬ ತಾಯಿ): ನಮಸ್ಕಾರ್ರೀ ಡಾಕ್ಟರ್. ಹೋದ ವಾರ ಮಗಳಿಗೆ ವಾಂತಿ-ಭೇದಿ ಆಗಿತ್ತು, ಈಗ ಗುಣವಾಗಿದ್ದಾಳೆ. ಆವತ್ತು ದವಾಖಾನೆಗೆ ಹೋಗೋಣ ಅಂದರೆ ನಮ್ಮ ಮಾವನವರು, "ಲಾಕ್‌ಡೌನ್‌ದಾಗ ಯಾರೂ ದವಾಖಾನಿ ಮಾರಿ ನೋಡಲಿಲ್ಲ, ಹುಡುಗ್ರು ಎಲ್ಲಾ ಆರಾಮ ಇದ್ವು. ಈಗ್ಯಾಕ ಓಡ್ತೀರಿ?" ಅಂದರು. ಆಗ ಎಮರ್ಜೆನ್ಸಿಗೆ ಬರುವ ಮಕ್ಕಳು ಕಡಿಮೆಯಾಗಿದ್ದರು ಅಂತ ನಾನೂ ಓದಿದ್ದೇನೆ. ಅವರು ಹೇಳಿದ್ದು ಸರಿನಾ?

ಉತ್ತರ: ನಮಸ್ಕಾರ ತಾಯಿ. ಮಾವನವರ ಮಾತಿನಲ್ಲಿ ಅರ್ಧ ನಿಜ ಇದೆ. 2020ರ ಮಾರ್ಚ್ 25ರಿಂದ ಎಲ್ಲ ಬಂದ್ ಆದಾಗ ಶಾಲೆ, ಜಾತ್ರೆ, ಬಸ್ಸು ಯಾವುದೂ ಇರಲಿಲ್ಲ. ಮಕ್ಕಳು ಒಬ್ಬರಿಂದೊಬ್ಬರಿಗೆ ಹಚ್ಚುವ ನೆಗಡಿ, ಕೆಮ್ಮು, ಜ್ವರ ನಿಜವಾಗಿಯೂ ಇಳಿದವು. ರಸ್ತೆ ಅಪಘಾತವೂ ಕಡಿಮೆಯಾಯಿತು.

ಇನ್ನರ್ಧ ಬೇರೆ. ಅಮೆರಿಕದಲ್ಲಿ 2020ರ ಏಪ್ರಿಲ್ ಹೊತ್ತಿಗೆ ಎಮರ್ಜೆನ್ಸಿಗೆ ಬರುವ 10 ವರ್ಷದೊಳಗಿನ ಮಕ್ಕಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇ. 72ರಷ್ಟು ಇಳಿದಿತ್ತು. ಅಪೆಂಡಿಕ್ಸ್ ಊದುವುದು, ಸಕ್ಕರೆ ಕಾಯಿಲೆ ಶುರುವಾಗುವುದು ಲಾಕ್‌ಡೌನ್ ನೋಡಿ ನಿಲ್ಲುವುದಿಲ್ಲ ಅಲ್ವಾ? ಆ ಮಕ್ಕಳು ಮನೆಯಲ್ಲೇ ಇದ್ದರು, ತಡವಾಗಿ ಬಂದರು. ಅದೇ ವರ್ಷದ ಮಾರ್ಚ್‌ನಲ್ಲಿ ಕೊರೊನಾ ಹೆದರಿಕೆಯಿಂದ ತಡವಾಗಿ ಬಂದ 12 ಮಕ್ಕಳ ವಿಷಯವನ್ನು ಇಟಲಿಯ ವೈದ್ಯರು ಬರೆದರು. ಅವರಲ್ಲಿ 4 ಮಕ್ಕಳು ಉಳಿಯಲಿಲ್ಲ.

ಜರ್ಮನಿಯ ಲೆಕ್ಕ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಹೊಸದಾಗಿ ಟೈಪ್ 1 ಸಕ್ಕರೆ ಕಾಯಿಲೆ (ಮೈಯಲ್ಲಿ ಇನ್ಸುಲಿನ್ ತಯಾರಾಗದೆ ಬರುವಂಥದ್ದು) ಗೊತ್ತಾದ ಮಕ್ಕಳಲ್ಲಿ, ರಕ್ತ ಆಮ್ಲವಾಗಿ ಜೀವಕ್ಕೇ ಅಪಾಯ ಬಂದ ಸ್ಥಿತಿಯಲ್ಲಿ ಬಂದವರು 2019ರ ವಸಂತದಲ್ಲಿ ಶೇ. 24.5. 2020ರ ಅದೇ ತಿಂಗಳುಗಳಲ್ಲಿ ಶೇ. 44.7. ಇದು ನಮ್ಮಲ್ಲೂ ಗುರುತು ಸಿಗದೆ ತಪ್ಪಿಹೋಗುವ ಕಾಯಿಲೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮಗು ತಂಬಿಗೆಗಟ್ಟಲೆ ನೀರು ಕುಡಿಯುತ್ತದೆ, ಮೂತ್ರ ಜಾಸ್ತಿ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರು, ತಿಂದರೂ ಮೈ ಇಳಿಯುತ್ತದೆ. ಮನೆಯವರು "ಬಿಸಿಲಿಗೆ ಹೀಗಾಗೇತಿ" ಅನ್ನುತ್ತಾರೆ. ವಿಜಯಪುರದ ಬಿಸಿಲಿಗೆ ಹಾಗೆ ಅನ್ನಿಸುವುದೂ ಸಹಜ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ವಾಂತಿ, ಜೋರು ಉಸಿರು, ಮಂಪರು ಬಂದರೆ ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೊರಡಿ.

ವಾಂತಿ-ಭೇದಿಗೆ ಮೊದಲು ಓಆರ್‌ಎಸ್ ಕೊಡಿ. ಕಣ್ಣು ಒಳಗೆ ಹೋದರೆ, ಆರೆಂಟು ತಾಸು ಮೂತ್ರ ಇಲ್ಲದಿದ್ದರೆ, ಕುಡಿದದ್ದೆಲ್ಲ ಹೊರಬಂದರೆ, ಮಲದಲ್ಲಿ ರಕ್ತ ಕಂಡರೆ ಕಾಯಬೇಡಿ. ಉಸಿರಾಡುವಾಗ ಎದೆ ಒಳಗೆ ಎಳೆದುಕೊಂಡರೆ, ಫಿಟ್ಸ್ ಬಂದರೆ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಮಾವನವರಿಗೆ ಇದನ್ನು ಓದಿ ಹೇಳಿ. ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಅವರು ಹಾಗೆ ಅಂದಿರುತ್ತಾರೆ.

ಪ್ರಶ್ನೆ (ಬನಹಟ್ಟಿ): ಸರ್, ನಾವು ನೇಕಾರರು. ಮಗ 2019ರ ಜುಲೈನಲ್ಲಿ ಹುಟ್ಟಿದವನು. ಒಂಬತ್ತು ತಿಂಗಳ ಇಂಜೆಕ್ಷನ್ ಸಮಯಕ್ಕೇ ಲಾಕ್‌ಡೌನ್ ಬಂತು. ಆಮೇಲೆ ದಡಾರದ್ದು ಒಂದು ಡೋಸ್ ಹಾಕಿಸಿದೆವು, ಎರಡನೆಯದು ಹಾಕಿಸಲೇ ಇಲ್ಲ. ಈಗ ಮೊದಲಿನಿಂದ ಶುರು ಮಾಡಬೇಕಾ?

ಉತ್ತರ: ಬೇಡ. ಬಿಟ್ಟುಹೋದ ಡೋಸ್ ಒಂದನ್ನೇ ಹಾಕಿಸಿದರೆ ಸಾಕು. ತಾಯಿ ಕಾರ್ಡ್ ಹುಡುಕಿ ತೆಗೆದುಕೊಂಡು ಹೋಗಿ. ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಬೂಸ್ಟರ್‌ಗಳು ಆಗಿವೆಯಾ ಅಂತಲೂ ಅದರಲ್ಲೇ ನೋಡುತ್ತಾರೆ. ಡಿಪಿಟಿ ಹಾಕುವ ವಯಸ್ಸು ದಾಟಿದ್ದರೆ ಅದರ ಬದಲು ಧನುರ್ವಾಯು, ಗಂಟಲುಮಾರಿಗೆ ಟಿಡಿ ಲಸಿಕೆ ಇದೆ. ನಿಮ್ಮದು ನಿರ್ಲಕ್ಷ್ಯ ಅಂತ ಯಾರಾದರೂ ಬೈದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆಗ ಆಶಾ ಕಾರ್ಯಕರ್ತೆಯರನ್ನೇ ಕೊರೊನಾ ಸರ್ವೆಗೆ ಹಾಕಿದ್ದರು, ನಿಮಗೆ ಮಗ್ಗ ನಿಂತು ಕೂಲಿ ಇರಲಿಲ್ಲ. ಆದರೆ ಇನ್ನು ತಡ ಮಾಡಬೇಡಿ. 2022ರ ಕೊನೆಗೆ ಮುಂಬೈಯ ಗೋವಂಡಿ ಕಡೆ ದಡಾರ ಹಬ್ಬಿ ಮಕ್ಕಳು ಸತ್ತರು. ಲಸಿಕೆ ತಪ್ಪಿದ ಮಕ್ಕಳೇ ಅದಕ್ಕೆ ಹೆಚ್ಚು ಸಿಕ್ಕವರು.

ಪ್ರಶ್ನೆ (ಬೆಳಗಾವಿ, ಶಹಾಪುರ): ಡಾಕ್ಟರ್, ಮಗಳಿಗೆ ಆನ್‌ಲೈನ್ ಕ್ಲಾಸ್ ಆದ ಮೇಲೆ ಚಷ್ಮಾ ಬಂತು. ನಂಬರ್ ಏರುತ್ತಲೇ ಇದೆ. ಮೊಬೈಲ್ ಕಸಿದುಕೊಂಡರೆ ಇಳಿಯುತ್ತಾ?

ಉತ್ತರ: ಬಂದ ನಂಬರ್ ಇಳಿಯುವುದಿಲ್ಲ, ಏರುವುದನ್ನು ನಿಧಾನ ಮಾಡಬಹುದು. ಚೀನಾದ ಫೇಚಂಗ್ ಊರಿನ ಶಾಲೆಗಳಲ್ಲಿ 2020ರಲ್ಲಿ 6 ವರ್ಷದ ಮಕ್ಕಳಲ್ಲಿ ಶೇ. 21.5 ಜನರಿಗೆ ದೂರದ್ದು ಮಸುಕಾಗಿತ್ತು. ಅದರ ಹಿಂದಿನ ವರ್ಷಗಳಲ್ಲಿ ಅದು ಶೇ. 5.7 ದಾಟಿರಲಿಲ್ಲ. ಮನೆಯೊಳಗೇ ಕೂತದ್ದೂ ಇದಕ್ಕೆ ಕಾರಣ, ಬರೀ ಮೊಬೈಲ್ ಅಲ್ಲ. ಹಾಗಾಗಿ ಸುಮ್ನೆ ಕಸಿದುಕೊಂಡು ಜಗಳ ಮಾಡುವ ಬದಲು ದಿನಾ ಎರಡು ತಾಸು ಹೊರಗೆ ಬೆಳಕಿನಲ್ಲಿ ಆಡಲು ಬಿಡಿ. ಆರು ತಿಂಗಳಿಗೊಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ನಂಬರ್ ಬೇಗ ಏರುತ್ತಿದ್ದರೆ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ ಬೇಕಾ ಅಂತ ಅವರನ್ನೇ ಕೇಳಿ.