ರಾಜ್‌ದೂತ್ 350ಕ್ಕೆ ಫೋರ್ಜ್ಡ್ ಪಿಸ್ಟನ್: ಅಮೆರಿಕದಿಂದ ತರಿಸುವುದೋ, ಇಲ್ಲೇ ಕೊಳ್ಳುವುದೋ?

ಹಾಸನ_ಟೂಸ್ಟ್ರೋಕ್:
ಎಲ್ಲರಿಗೂ ನಮಸ್ಕಾರ. ನನ್ನ 1985ರ ರಾಜ್‌ದೂತ್ 350 ಬೈಕಿನ ಎರಡೂ ಸಿಲಿಂಡರ್‌ಗಳು ಸವೆದಿವೆ, ಬೋರ್ ಮಾಡಿಸದೆ (ಸಿಲಿಂಡರಿನ ಒಳಗೋಡೆಯನ್ನು ಕೊರೆದು ಅಗಲಿಸದೆ) ಬೇರೆ ದಾರಿಯಿಲ್ಲ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಈ ಸಲ ಎರಕದ ಪಿಸ್ಟನ್ ಬಿಟ್ಟು ಫೋರ್ಜ್ಡ್ (ಲೋಹವನ್ನು ಒತ್ತಿ ರೂಪಿಸಿದ) ಪಿಸ್ಟನ್ ಹಾಕಿಸಬೇಕೆಂಬ ಆಸೆಯಿದೆ. ರಿಂಗ್, ಪಿನ್ ಸಮೇತ ಜೋಡಿ ಸೆಟ್ಟಿಗೆ ಅಮೆರಿಕದ ಮಾರಾಟಗಾರರು ಕೇಳುತ್ತಿರುವುದು ನಮ್ಮ ಲೆಕ್ಕದಲ್ಲಿ 20,000 ರೂಪಾಯಿ, ಸಾಗಣೆಗೆ ಮತ್ತೆ 4,000. ಅದೇ ಸೆಟ್ಟಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರು ತೆರಿಗೆ ಸೇರಿಸಿ 31,000 ಹೇಳುತ್ತಿದ್ದಾರೆ. 7,000 ಉಳಿಯುವುದಾದರೆ ಹೊರಗಿನಿಂದಲೇ ತರಿಸಬಹುದಲ್ಲವೇ? ತಿಳಿದವರು ದಯವಿಟ್ಟು ತಿಳಿಸಿ.

ಮೈಸೂರು_ರೀಡ್‌ವಾಲ್ವ್:
ಸರ್, ನಿಮ್ಮ ಲೆಕ್ಕದಲ್ಲಿ ಕಸ್ಟಮ್ಸ್ ಸುಂಕ ಬಿಟ್ಟುಹೋಗಿದೆ. ಸುಂಕವನ್ನು ಸರಕಿನ ಬೆಲೆಯ ಮೇಲಷ್ಟೇ ಹಾಕುವುದಿಲ್ಲ, ಸಾಗಣೆ ಮತ್ತು ವಿಮೆಯನ್ನೂ ಕೂಡಿಸಿಯೇ ಹಾಕುತ್ತಾರೆ. ವಿಮೆಯನ್ನು ಸದ್ಯಕ್ಕೆ ಬದಿಗಿಟ್ಟರೂ ನಿಮ್ಮ ಮೊತ್ತ 24,000. ಮೂಲ ಸುಂಕವನ್ನು 15% ಎಂದು ಹಿಡಿಯೋಣ (ಬಿಡಿಭಾಗವನ್ನು ಯಾವ ಶೀರ್ಷಿಕೆಯಡಿ ಸೇರಿಸುತ್ತಾರೆ ಎಂಬುದರ ಮೇಲೆ ಈ ದರ ಬದಲಾಗುತ್ತದೆ). ಆಗ ಸುಂಕ 3,600, ಅದರ ಮೇಲೆ 10% ಸಮಾಜ ಕಲ್ಯಾಣ ಸರ್ಚಾರ್ಜ್ 360, ಒಟ್ಟು 27,960. ಇಷ್ಟರ ಮೇಲೆ 18% ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಬಿದ್ದರೆ 32,993 ರೂಪಾಯಿ ಆಗುತ್ತದೆ. 2025ರ ಸೆಪ್ಟೆಂಬರ್ 22ಕ್ಕೂ ಮೊದಲು 28% ಕೊಡಬೇಕಾಗಿದ್ದುದರಿಂದ ಇದು ಇನ್ನೂ ದುಬಾರಿಯಾಗಿತ್ತು. ಕೊರಿಯರ್‌ನವರ ಕಸ್ಟಮ್ಸ್ ಕ್ಲಿಯರೆನ್ಸ್ ಶುಲ್ಕ ಮತ್ತು ವಿದೇಶಿ ಕರೆನ್ಸಿಗೆ ಕಾರ್ಡಿನವರು ಹಿಡಿಯುವ ಹಣ ಬೇರೆ. ಹೀಗಿರುವಾಗ ಅಂಗಡಿಯವರ 31,000 ನನಗೆ ನ್ಯಾಯವಾದ ಬೆಲೆಯೆಂದೇ ಕಾಣುತ್ತದೆ. ಬೆಲೆ ಕಡಿಮೆ ನಮೂದಿಸಿ ಕಳುಹಿಸುತ್ತೇನೆಂದು ಮಾರಾಟಗಾರರು ಹೇಳಿದರೆ ಖಂಡಿತ ಒಪ್ಪಬೇಡಿ. ಅದು ಅಪರಾಧ, ಮಾಲು ಜಪ್ತಿಯೂ ಆಗಬಹುದು.

ಹುಬ್ಬಳ್ಳಿ_ಬೋರಿಂಗ್:
ಮೇಲಿನ ಲೆಕ್ಕ ಸರಿಯಾಗಿದೆ. ಲೇತ್ ಕೆಲಸದವನಾಗಿ ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಈ ಗಾಡಿಯ ಸ್ಟ್ಯಾಂಡರ್ಡ್ ಬೋರ್ (ಸಿಲಿಂಡರಿನ ಒಳವ್ಯಾಸ) 64 ಮಿ.ಮೀ., ಓವರ್‌ಸೈಜ್‌ಗಳು (ಬೋರ್ ಮಾಡಿದ ಮೇಲೆ ಹಾಕುವ ದೊಡ್ಡ ಅಳತೆಯ ಪಿಸ್ಟನ್‌ಗಳು) 0.25 ಮಿ.ಮೀ. ಅಂತರದಲ್ಲಿ ಬರುತ್ತವೆ. ಪಿಸ್ಟನ್ನನ್ನು ಕೈಯಲ್ಲಿಟ್ಟುಕೊಂಡು, ಮೈಕ್ರೋಮೀಟರ್‌ನಲ್ಲಿ ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಬೇಕೇ ಹೊರತು ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ಮಾಡಬಾರದು. ಫೋರ್ಜ್ಡ್ ಪಿಸ್ಟನ್ ಬಿಸಿಯಾದಾಗ ಎರಕದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಅದಕ್ಕೆ ತಯಾರಕರು ಹೇಳಿದಷ್ಟು ಹೆಚ್ಚಿನ ಕ್ಲಿಯರೆನ್ಸ್ (ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದು) ಬಿಡದೆ, ಎರಕದ ಪಿಸ್ಟನ್ನಿನ ಲೆಕ್ಕದಲ್ಲೇ ಬೋರ್ ಮಾಡಿದರೆ ಎಂಜಿನ್ ಸೀಜ್ ಆಗುವುದು (ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು ನಿಲ್ಲುವುದು) ಖಚಿತ. ಬೋರ್ ಆದ ಮೇಲೆ ಪೋರ್ಟ್‌ಗಳ (ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳ) ಅಂಚನ್ನು ಸಣ್ಣಗೆ ಉಜ್ಜಿ ಚೂಪು ತೆಗೆಯದಿದ್ದರೆ ಅಲ್ಲಿ ರಿಂಗ್ ಸಿಕ್ಕಿಹಾಕಿಕೊಳ್ಳುತ್ತದೆ. ಅಳತೆ ತಪ್ಪಿದ ಸೆಟ್ಟನ್ನು ಅಮೆರಿಕಕ್ಕೆ ಹಿಂದಿರುಗಿಸುವ ಖರ್ಚು ನೀವೇ ಭರಿಸಬೇಕಾದೀತು. ಜೆ.ಸಿ. ರಸ್ತೆಯಲ್ಲಾದರೆ ಅಂಗಡಿಯಲ್ಲಿಯೇ ಅಳೆಸಿ, ಬದಲಾಯಿಸಿ ಕೊಡುವುದಾಗಿ ಬಿಲ್ಲಿನ ಮೇಲೆ ಬರೆಸಿಕೊಂಡು ತರಬಹುದು.

ಮಂಗಳೂರು_350:
ಇಲ್ಲಿ ಸಿಗದ ರೀಡ್ (ಇಂಧನ ಮಿಶ್ರಣವನ್ನು ಒಳಬಿಡುವ ಕವಾಟದ ಪಟ್ಟಿ), ಎಲೆಕ್ಟ್ರಾನಿಕ್ ಇಗ್ನಿಷನ್ ಮುಂತಾದವನ್ನು ಹೊರಗಿನಿಂದಲೇ ತರಿಸಬೇಕಾಗುತ್ತದೆ. ಅಂಥವನ್ನು ಇಬ್ಬರು ಮೂವರು ಸೇರಿ ಒಂದೇ ಪೆಟ್ಟಿಗೆಯಲ್ಲಿ ತರಿಸಿಕೊಂಡರೆ ಸಾಗಣೆ ವೆಚ್ಚ ಹಂಚಿಹೋಗುತ್ತದೆ, ಸಾಗಣೆಯ ಮೇಲೆ ಬೀಳುವ ಸುಂಕವೂ ಅಷ್ಟರಮಟ್ಟಿಗೆ ಇಳಿಯುತ್ತದೆ.

ಹಾಸನ_ಟೂಸ್ಟ್ರೋಕ್:
ಎಲ್ಲರಿಗೂ ಧನ್ಯವಾದಗಳು. ಒಂದೇ ಸಂದೇಹ: ಎಡಗಡೆಯ ಸಿಲಿಂಡರ್ ಬಲಗಡೆಯದಕ್ಕಿಂತ ಹೆಚ್ಚು ಸವೆದಿದೆ. ಬೇರೆ ಬೇರೆ ಅಳತೆಯ ಪಿಸ್ಟನ್ ಕೇಳಬಹುದೇ?

ಹುಬ್ಬಳ್ಳಿ_ಬೋರಿಂಗ್:
ಬೇಡ ಸರ್. ಹೆಚ್ಚು ಸವೆದಿರುವ ಸಿಲಿಂಡರ್ ಯಾವ ಸೈಜಿನಲ್ಲಿ ಗೀರಿಲ್ಲದೆ ಬರುತ್ತದೋ ಅದೇ ಸೈಜನ್ನು ಎರಡಕ್ಕೂ ಕೊಳ್ಳಿ. ಅಳತೆ ತೆಗೆಸಿದ ಮೇಲೆಯೇ ಅಂಗಡಿಗೆ ಮುಂಗಡ ಕೊಡಿ.