ಹೊಳೆಯುವ ಕವಚದ ಪ್ಯಾಲಡಿನ್ ಬೇಡ, ಬೇರೆ ಥರ ಆಡಿದವರು ಅನುಭವ ಹೇಳಿ

ಕೇಳಿದವರು: ಗುಬ್ಬಿ ಕಡೆಯವರು

ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ. ನಾನು ತುಮಕೂರಿನಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ. ಬರೋ ಭಾನುವಾರ ಗೆಳೆಯರೆಲ್ಲ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ (ಟೇಬಲ್ ಸುತ್ತ ಕೂತು, ದಾಳ ಎಸೆದು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ನಡೆಸುವ ಆಟ) ಕ್ಯಾಂಪೇನ್, ಅಂದರೆ ಹಲವು ಸಲ ಕೂತು ಆಡುವ ಕಥೆ, ಶುರು ಮಾಡುತ್ತಿದ್ದೇವೆ. ಲೆವೆಲ್ 1ರಿಂದ. ನನಗೆ ಪ್ಯಾಲಡಿನ್ ಆಡುವ ಆಸೆ. ಆದರೆ ಹೊಳೆಯುವ ಕವಚ, ಬಿಳಿ ಕುದುರೆ, ಬಾಯಿ ಬಿಟ್ಟರೆ ಉಪದೇಶ, ಅಂಥ ಪವಿತ್ರ ಯೋಧ ಬೇಡ. ಪಾರ್ಟಿಯಲ್ಲಿ, ಅಂದರೆ ನಮ್ಮ ಪಾತ್ರಗಳ ತಂಡದಲ್ಲಿ, ಒಬ್ಬ ರೋಗ್ ಇದ್ದಾನೆ. ಕಳ್ಳನ ಜೊತೆ ಪ್ಯಾಲಡಿನ್ ಇದ್ದರೆ ದಿನಾ ಜಗಳ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ದೇವರನ್ನು ನಂಬದ ಪ್ಯಾಲಡಿನ್ ನಡೆಯುತ್ತಾ? ಆಡಿದವರು, ಆಡಿಸಿದವರು ದಯವಿಟ್ಟು ಹೇಳಿ.

ತುಮಕೂರಿನಿಂದ, ಡಿ.ಎಂ. (ಡಂಜನ್ ಮಾಸ್ಟರ್) ಆಗಿ ಕಥೆ ನಡೆಸಿ ಆಡಿಸುವವರು

ನಡೆಯುತ್ತೆ ತಮ್ಮಾ, ಚೆನ್ನಾಗಿ ನಡೆಯುತ್ತೆ. ನಿಮ್ಮನ್ನು ಹೆದರಿಸುತ್ತಿರುವವರ ತಲೆಯಲ್ಲಿ ಹಳೇ ನಿಯಮ ಕೂತಿದೆ. 1975ರಲ್ಲಿ ಪ್ಯಾಲಡಿನ್ ಈ ಆಟಕ್ಕೆ ಬಂದಾಗ ಕೆರಿಸ್ಮಾ (ಪಾತ್ರದ ವ್ಯಕ್ತಿತ್ವದ ಸೆಳೆತಕ್ಕೆ ಕೊಡುವ ಅಂಕ) 17 ಇಲ್ಲದವರು ಆಡುವ ಹಾಗೇ ಇರಲಿಲ್ಲ. ಆಮೇಲೆ ಬಹಳ ವರ್ಷ ಲಾಫುಲ್ ಗುಡ್, ಅಂದರೆ ಕಟ್ಟುನಿಟ್ಟಿನ ಒಳ್ಳೆಯವನಾಗಿರುವುದು, ಕಡ್ಡಾಯ. ಬೇಕಂತ ಒಂದು ಕೆಟ್ಟ ಕೆಲಸ ಮಾಡಿದರೆ ಶಕ್ತಿಯೆಲ್ಲ ಹೋಗುತ್ತಿತ್ತು. ಹಾಗಾಗಿ ಆಡುವವರು ಪಕ್ಕದವರ ಮೇಲೂ ಕಣ್ಣಿಡುತ್ತಿದ್ದರು. 2008ರ ನಾಲ್ಕನೇ ಆವೃತ್ತಿಯಲ್ಲಿ ಆ ಕಟ್ಟುಪಾಡು ಸಡಿಲವಾಯಿತು. 2014ರ ಐದನೇ ಆವೃತ್ತಿಯಲ್ಲಿ ಪ್ಯಾಲಡಿನ್‌ಗೆ ಇಂಥದ್ದೇ ಅಲೈನ್‌ಮೆಂಟ್ (ಪಾತ್ರದ ನೀತಿ, ಸ್ವಭಾವ) ಇರಬೇಕು ಅಂತಿಲ್ಲ. ಅವನ ಶಕ್ತಿ ದೇವರಿಂದ ಎಷ್ಟು ಬರುತ್ತೋ, ನ್ಯಾಯಕ್ಕೆ ಅವನು ಕೊಟ್ಟ ಮಾತಿನಿಂದಲೂ ಅಷ್ಟೇ ಬರುತ್ತೆ ಅನ್ನುತ್ತೆ ಆ ಪುಸ್ತಕ. ದೇವರಿಲ್ಲದೆ ಆಡಲು ಅಷ್ಟು ಸಾಕು.

ಹಾಗಾದರೆ ಎಲ್ಲ ನಿಂತಿರುವುದು ಪ್ರತಿಜ್ಞೆಯ ಮೇಲೆ. ಜನ ಬೇರೆ ಥರ ಅಂದ ತಕ್ಷಣ ವೇಷ ಬದಲಾಯಿಸುತ್ತಾರೆ. ಕುಡುಕ ಪ್ಯಾಲಡಿನ್, ಬೈಯುವ ಪ್ಯಾಲಡಿನ್, ಕಪ್ಪು ಕವಚದ ಪ್ಯಾಲಡಿನ್. ಎರಡು ಸೆಷನ್‌ಗೆ ಅದು ಮುಗಿದು ಹೋಗುತ್ತೆ. ಪ್ರತಿಜ್ಞೆ ಬದಲಾದರೆ ಮಾತ್ರ ಪಾತ್ರ ಬದಲಾಗುತ್ತೆ.

ನಮ್ಮ ಟೇಬಲ್‌ನಲ್ಲಿ ಒಬ್ಬರು ಆಡಿದ್ದನ್ನು ಹೇಳುತ್ತೇನೆ. ಅವರು ಬೆಳೆದದ್ದು ಸಿದ್ಧಗಂಗಾ ಮಠದ ಹತ್ತಿರ. ದಿನಾ ಸಾವಿರಾರು ಮಕ್ಕಳಿಗೆ ಅನ್ನ ಹಾಕುವ ದಾಸೋಹ ನೋಡಿಕೊಂಡೇ ದೊಡ್ಡವರಾದವರು. ಅವರ ಪ್ಯಾಲಡಿನ್ ಒಬ್ಬ ಅಡುಗೆಯವನು. ಪ್ರತಿಜ್ಞೆ ಒಂದೇ ಸಾಲು: ಹಸಿದವರು ಎದುರಿಗಿದ್ದರೆ ನಾನು ಉಣ್ಣುವುದಿಲ್ಲ. ಕತ್ತಿ ಇಲ್ಲ. ಕೈಯಲ್ಲಿ ಉದ್ದದ ಹಿಟ್ಟಿನ ಕೋಲು, ನಿಯಮದ ಲೆಕ್ಕಕ್ಕೆ ಕ್ವಾರ್ಟರ್‌ಸ್ಟಾಫ್, ಒಂದು ಕೈಯಲ್ಲಿ ಹಿಡಿದರೆ 1ಡಿ6, ಅಂದರೆ ಆರು ಮುಖದ ಒಂದು ದಾಳ ಎಸೆದಷ್ಟು ಪೆಟ್ಟು. ಗುರಾಣಿ ಜಾಗದಲ್ಲಿ ಕೊಪ್ಪರಿಗೆಯ ಮುಚ್ಚಳ, ಅದಕ್ಕೂ ಗುರಾಣಿಯ ಹಾಗೇ ಎ.ಸಿ. (ಪೆಟ್ಟು ಬೀಳದಂತೆ ಕಾಯುವ ಅಂಕ) +2. ಆಟದ ಲೆಕ್ಕದಲ್ಲಿ ಒಂದು ಅಂಕಿಯೂ ಬದಲಾಗಲಿಲ್ಲ.

ಒಂದು ಸಲ ಪಾರ್ಟಿಯವರು ಒಬ್ಬ ಗಾಬ್ಲಿನ್‌ನನ್ನು (ಆಟದಲ್ಲಿ ಬರುವ ಕುಳ್ಳ ದುಷ್ಟ ಜೀವಿ) ಹಿಡಿದರು. ರೋಗ್ ಆಡುವವನು ಚಾಕು ತೋರಿಸಿ ಬಾಯಿ ಬಿಡಿಸಲು ಹೊರಟಿದ್ದ. ಅಡುಗೆಯವನು ಅವನನ್ನು ತಡೆಯಲಿಲ್ಲ, ಬುದ್ಧಿಯೂ ಹೇಳಲಿಲ್ಲ. ‘ಇವನು ಊಟ ಮಾಡಿದ್ದಾನಾ?’ ಅಂತ ನನ್ನನ್ನು ಕೇಳಿದರು. ಇಲ್ಲ ಅಂದೆ. ಗಣಿಯೊಳಗೆ ಸಿಕ್ಕಿಕೊಂಡಿದ್ದಾರೆ, ತಲೆಗೆ ಒಂದೊಂದೇ ರೇಷನ್ ಉಳಿದಿದೆ. ಅವರು ಪೆನ್ಸಿಲ್ ತಗೊಂಡು ತಮ್ಮ ಪಾತ್ರದ ವಿವರ ಬರೆದ ಶೀಟಿನಲ್ಲಿದ್ದ ರೇಷನ್ ಮೇಲೆ ಗೆರೆ ಎಳೆದರು. ಗಾಬ್ಲಿನ್ ತಿಂದ. ತಿನ್ನುತ್ತಾ ತಿನ್ನುತ್ತಾ ತನ್ನ ಕಡೆಯವರು ಎಷ್ಟು ದಿನದಿಂದ ಉಪವಾಸ ಇದ್ದಾರೆ ಅನ್ನೋದನ್ನು ಹೇಳಿದ. ನಾನು ಬರೆದುಕೊಂಡು ಬಂದಿದ್ದ ಕಾಳಗ ಅಲ್ಲಿಗೆ ಸಂಧಾನವಾಯಿತು. ರೋಗ್ ಆಡುವವನು ಚಾಕು ಒಳಗಿಟ್ಟು, ‘ನನ್ನದರಲ್ಲಿ ಅರ್ಧ ನೀನು ತಗೋ ಮಾರಾಯಾ’ ಅಂದ.

ನೋಡಿ, ಆ ಪ್ರತಿಜ್ಞೆಯ ಖರ್ಚು ಬಂದದ್ದು ಅವರ ಶೀಟಿನಿಂದ, ಪಕ್ಕದವರ ಶೀಟಿನಿಂದಲ್ಲ. ಪ್ಯಾಲಡಿನ್ ಇರುವ ಟೇಬಲ್‌ನಲ್ಲಿ ಜಗಳ ಹುಟ್ಟುವುದು ‘ಯಾರೂ ಕದಿಯಬಾರದು’ ಅನ್ನೋ ಥರದ ಪ್ರತಿಜ್ಞೆಯಿಂದ. ಅದು ಪ್ರತಿಜ್ಞೆ ಅಲ್ಲ, ಬೇರೆಯವರಿಗೆ ಹಾಕುವ ಕಾನೂನು. ‘ನಾನು’ ಅಂತ ಶುರುವಾಗಿ ‘ಮಾಡುವುದಿಲ್ಲ’ ಅಂತಲೋ ‘ಮಾಡುತ್ತೇನೆ’ ಅಂತಲೋ ಮುಗಿಯುವ ಒಂದು ಸಾಲು ಬರೆಯಿರಿ. ಅದರಲ್ಲಿ ಬೇರೆಯವರ ಹೆಸರು ಬರಲೇಬಾರದು.

ಕೋಲಾರದಿಂದ

ಅಕ್ಕ ಹೇಳಿದ್ದು ಸರಿ. ನಮ್ಮ ಕಡೆಯದ್ದೂ ಒಂದು ಸೇರಿಸುತ್ತೇನೆ.

ಕೋಲಾರ ಅಂದರೆ ಕೆರೆಗಳ ಜಿಲ್ಲೆ. ಕೆರೆ ಇರುವ ಊರಿನಲ್ಲಿ ನೀರುಗಂಟಿ ಅಂತ ಇರುತ್ತಿದ್ದರು. ತೂಬು ಎತ್ತುವುದು, ಇಳಿಸುವುದು, ಸರದಿ ಪ್ರಕಾರ ಗದ್ದೆಗಳಿಗೆ ನೀರು ಬಿಡುವುದು ಅವರ ಕೆಲಸ. ಸುಗ್ಗಿಯಲ್ಲಿ ರೈತರು ಕೊಡುವ ಧಾನ್ಯವೇ ಕೂಲಿ. ನಮ್ಮ ಅಜ್ಜ ಹೇಳುತ್ತಿದ್ದರು, ಎಷ್ಟೇ ದೊಡ್ಡ ಜಮೀನ್ದಾರ ಬಂದು ಕೂಗಾಡಿದರೂ ಸರದಿ ತಪ್ಪಿಸದ ನೀರುಗಂಟಿಯನ್ನು ಊರು ತಲೆ ಮೇಲೆ ಹೊತ್ತುಕೊಳ್ಳುತ್ತಿತ್ತು ಅಂತ.

ನಾನು ಆಡಿದ್ದು ಅದೇ. ಪುಸ್ತಕದಲ್ಲಿರುವ ಓತ್‌ಗಳಲ್ಲಿ (ಪ್ರತಿಜ್ಞೆಯ ಬಗೆಗಳಲ್ಲಿ) ಒಂದಾದ ಓತ್ ಆಫ್ ದಿ ಏನ್ಷಿಯೆಂಟ್ಸ್ ಪ್ಯಾಲಡಿನ್, ಹೆಗಲ ಮೇಲೆ ಸನಿಕೆ. ಆ ಓತ್ ಇರುವುದೇ ಜೀವ ಮತ್ತು ಬೆಳಕನ್ನು ಕಾಯಲು, ಹಾಗಾಗಿ ಕೆರೆಗೆ ಚೆನ್ನಾಗಿ ಒಗ್ಗಿತು. ನನ್ನ ಪ್ರತಿಜ್ಞೆ: ಸರದಿ ಬಂದವರಿಗೆ ನಾನು ನೀರು ಬಿಟ್ಟೇ ಬಿಡುತ್ತೇನೆ. ಕಥೆಯಲ್ಲಿ ಒಬ್ಬ ಸಾಮಂತ ತನ್ನ ತೋಟಕ್ಕೆ ಇಡೀ ಕಾಲುವೆ ತಿರುಗಿಸಿಕೊಂಡಿದ್ದ. ರಾಜನ ಆಜ್ಞಾಪತ್ರವೂ ಅವನ ಹತ್ತಿರ ಇತ್ತು. ಕಾನೂನು ಅವನ ಕಡೆ. ಅವತ್ತು ರಾತ್ರಿ ತೂಬಿನ ಮನೆಯ ಬೀಗ ತೆಗೆದದ್ದು ನಮ್ಮ ರೋಗ್. ತೂಬು ಎತ್ತಿದ್ದು ನಾನು. ಕಳ್ಳನೂ ಪ್ಯಾಲಡಿನ್ನೂ ಒಂದೇ ಕೆಲಸಕ್ಕೆ ಹೆಗಲು ಕೊಟ್ಟರು. ನಿಮ್ಮ ಭಯಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ.

ದೇವರ ಬದಲು ಒಬ್ಬ ಮನುಷ್ಯನಿಗೆ ಮಾತು ಕೊಟ್ಟ ಯೋಧ ಬೇಕು ಅಂದರೆ ಹೊಯ್ಸಳರ ಗರುಡರನ್ನು, ಅಂದರೆ ರಾಜನಿಗಾಗಿ ಪ್ರಾಣ ಕೊಡುವ ಮಾತು ಕೊಟ್ಟ ಅಂಗರಕ್ಷಕರನ್ನು, ನೋಡಿ. ಇಮ್ಮಡಿ ಬಲ್ಲಾಳನ ಗರುಡ ಕುವರ ಲಕ್ಷ್ಮ. ಅವನು ಒಡೆಯನಿಗಾಗಿ ಪ್ರಾಣ ಕೊಟ್ಟ ನೆನಪಿಗೆ ಹಳೇಬೀಡಿನಲ್ಲಿ ಶಾಸನದ ಕಂಬವೇ ಇದೆ. ಅಂಥ ಪಾತ್ರ ಗಂಭೀರವಾಗಿ ಬರುತ್ತೆ. ಆದರೆ ಮಾತು ಪಡೆದವರು ಪಾರ್ಟಿಯ ಜೊತೆಗೇ ಇರಬೇಕು. ದೂರದ ಅರಮನೆಯಲ್ಲಿದ್ದರೆ ಆಟದಲ್ಲಿ ಅದು ಕೆಲಸಕ್ಕೆ ಬರಲ್ಲ.

ಶಿಡ್ಲಘಟ್ಟದಿಂದ

ಕಥೆ ಎಲ್ಲರೂ ಹೇಳಿದರು, ನಾನು ಲೆಕ್ಕ ಹೇಳುತ್ತೇನೆ.

ಮೊದಲು ನಿಮ್ಮ ಟೇಬಲ್ 2014ರ ನಿಯಮದ್ದೋ 2024ರದ್ದೋ ಕೇಳಿಕೊಳ್ಳಿ. 2014ರಲ್ಲಿ ಹೊಡೆತ ಬಿದ್ದ ಮೇಲೆ ಸ್ಪೆಲ್ ಸ್ಲಾಟ್ (ಮಂತ್ರ ಹಾಕಲು ಲೆಕ್ಕವಿಟ್ಟು ಕೊಟ್ಟ ಅವಕಾಶ) ಖರ್ಚು ಮಾಡಿ ಡಿವೈನ್ ಸ್ಮೈಟ್, ಅಂದರೆ ದಿವ್ಯ ಶಕ್ತಿಯ ಹೆಚ್ಚುವರಿ ಪೆಟ್ಟು, ಸೇರಿಸಬಹುದು. ಮೊದಲನೇ ಲೆವೆಲ್ ಸ್ಲಾಟ್‌ಗೆ 2ಡಿ8, ಎದುರಾಳಿ ಅನ್‌ಡೆಡ್ (ಸತ್ತೂ ಓಡಾಡುವ ಪ್ರೇತ) ಅಥವಾ ಫೀಂಡ್ (ಪಿಶಾಚಿ) ಆದರೆ ಇನ್ನೊಂದು ಡಿ8. 2024ರಲ್ಲಿ ಅದೇ ಸ್ಮೈಟ್ ಒಂದು ಸ್ಪೆಲ್, ಸರದಿಗೆ ಒಂದೇ ಸಿಗುವ ಬೋನಸ್ ಆಕ್ಷನ್ ಬೇಕು. ಹಾಗಾಗಿ ಒಂದು ಸರದಿಯಲ್ಲಿ ಒಂದೇ ಸಲ. ಎರಡರಲ್ಲೂ ಬಿಲ್ಲಿನಿಂದ ಹೊಡೆದರೆ ಸಿಗಲ್ಲ. ಬೇಟೆಗಾರ ಪ್ಯಾಲಡಿನ್ ಅಂತ ಬಿಲ್ಲು ಹಿಡಿಯುವ ಮೊದಲು ಇದನ್ನು ನೆನಪಿಡಿ.

ಹೊಡೆಯುವುದೇ ಇಷ್ಟ ಇಲ್ಲದ ಪ್ಯಾಲಡಿನ್ ಕೂಡ ಪಾರ್ಟಿಗೆ ಭಾರ ಆಗಲ್ಲ. ಮುಟ್ಟಿ ಗಾಯ ವಾಸಿ ಮಾಡುವ ಲೇ ಆನ್ ಹ್ಯಾಂಡ್ಸ್‌ನಲ್ಲಿ ಲೆವೆಲ್‌ನ ಐದು ಪಟ್ಟು ಪಾಯಿಂಟ್ ಇರುತ್ತೆ, ಲೆವೆಲ್ 4ಕ್ಕೆ 20. ಲೆವೆಲ್ 6ರಲ್ಲಿ ಆರಾ ಆಫ್ ಪ್ರೊಟೆಕ್ಷನ್ ಬರುತ್ತೆ. 10 ಅಡಿಯೊಳಗಿರುವ ಗೆಳೆಯರ ಸೇವಿಂಗ್ ಥ್ರೋಗೆಲ್ಲ (ಅಪಾಯದಿಂದ ತಪ್ಪಿಸಿಕೊಳ್ಳಲು ಎಸೆಯುವ ದಾಳಕ್ಕೆಲ್ಲ) ನಿಮ್ಮ ಕೆರಿಸ್ಮಾ ಮಾಡಿಫೈಯರ್, ಅಂದರೆ ಕೆರಿಸ್ಮಾದಿಂದ ಬರುವ ಹೆಚ್ಚುವರಿ ಅಂಕ, ಸೇರುತ್ತೆ. ಸುಮ್ನೆ ಹತ್ತಿರ ನಿಂತರೂ ಉಪಕಾರ. ನಾನು ಮಾತೇ ಆಡದ ಒಬ್ಬಳನ್ನು ಆಡಿದ್ದೆ, ಕೆರಿಸ್ಮಾ 16. ಕೆರಿಸ್ಮಾ ಜಾಸ್ತಿ ಇದ್ದ ಮಾತ್ರಕ್ಕೆ ಭಾಷಣ ಮಾಡಬೇಕು ಅಂತೇನಿಲ್ಲ.

ಪುಸ್ತಕಕ್ಕೆ ದುಡ್ಡಿಲ್ಲ ಅಂದರೆ ಚಿಂತೆ ಬೇಡ. ಐದನೇ ಆವೃತ್ತಿಯ ಮೂಲ ನಿಯಮಗಳು 2023ರಿಂದ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಉಚಿತವಾಗಿವೆ. ಪ್ಯಾಲಡಿನ್ ಅದರಲ್ಲಿದ್ದಾನೆ. ಓತ್ ಮಾತ್ರ ಒಂದೇ, ಡಿವೋಷನ್. ಅಡುಗೆಯವನಿಗೆ ಅಷ್ಟೇ ಸಾಕು ಅಲ್ವಾ?

ಕೇಳಿದವರು, ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಿದ್ದಂತೆ ಒಂದು ಹೊಳೆಯಿತು. ನಮ್ಮೂರ ಕಡೆ ಪೌರಾಣಿಕ ನಾಟಕದ ಹುಚ್ಚು ಜಾಸ್ತಿ. ಗುಬ್ಬಿ ವೀರಣ್ಣನವರ ಊರು ಬೇರೆ. ಹಗಲು ಹೊಲದಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕಂದ ಪದ್ಯ ಕಲಿಯುತ್ತಾರೆ. ನನ್ನ ಪ್ಯಾಲಡಿನ್ ಅಂಥ ಒಬ್ಬ ನಟ. ಬಣ್ಣ ಹಚ್ಚಿಕೊಂಡು ರಂಗದ ಮೇಲೆ ‘ಶರಣು ಬಂದವರನ್ನು ನಾನು ಬಿಟ್ಟುಕೊಡುವುದಿಲ್ಲ’ ಅಂತ ಪ್ರತಿಜ್ಞೆ ಮಾಡುತ್ತಾನೆ. ಪರದೆ ಬಿದ್ದ ಮೇಲೂ ಆ ಮಾತು ಅವನನ್ನು ಬಿಡುವುದಿಲ್ಲ. ಕೈಯಲ್ಲಿ ನಿಜವಾಗಿಯೂ ಶಕ್ತಿ ಬಂದುಬಿಟ್ಟಿದೆ. ಯುದ್ಧ ಗೊತ್ತಿಲ್ಲ, ಗದೆ ತಿರುಗಿಸುವುದು ಗೊತ್ತು. ಹೇಗಿದೆ? ತಪ್ಪಿ ಪ್ರತಿಜ್ಞೆ ಮುರಿದರೆ ಏನು ಮಾಡಬೇಕು?

ತುಮಕೂರಿನಿಂದ, ಡಿ.ಎಂ.

ತಮ್ಮಾ, ಇದು ನಮ್ಮ ಅಡುಗೆಯವನಿಗಿಂತ ಚೆನ್ನಾಗಿದೆ. ಮನಸಾರೆ ಹೇಳುತ್ತಿದ್ದೇನೆ. ರಂಗದ ಮೇಲಿನ ಮಾತನ್ನು ಊರಿಡೀ ಕೇಳಿದೆ, ಹಿಂದೆ ತಗೊಳ್ಳುವ ಹಾಗಿಲ್ಲ. ನಟ ಅಂದರೆ ಕೆರಿಸ್ಮಾಗೂ ಕಾರಣ ಸಿಕ್ಕಿತು. ಗದೆಗೆ ಮೇಸ್ ಲೆಕ್ಕ ಹಿಡಿಯಿರಿ.

ಒಂದು ಕಡೆ ಮಾತ್ರ ಎಚ್ಚರ. ಶರಣಾದ ಶತ್ರುವನ್ನು ಬಿಟ್ಟುಕೊಡಲ್ಲ ಅಂದರೆ ಪ್ರತಿ ಕಾಳಗದ ಕೊನೆಗೂ ಒಬ್ಬ ಕೈದಿ ಉಳಿಯುತ್ತಾನೆ. ಅವನನ್ನು ಕಾಯುವುದು ಯಾರು, ಊಟ ಹಾಕುವುದು ಯಾರು? ಅದೆಲ್ಲ ನಿಮ್ಮ ಪಾಲಿಗೇ ಇರಲಿ. ರಾತ್ರಿ ಕಾವಲು ನಿಮ್ಮದು, ರೇಷನ್ ನಿಮ್ಮದು, ಅವನು ತಪ್ಪಿಸಿಕೊಂಡರೆ ಹುಡುಕಿ ತರುವುದೂ ನೀವೇ. ಹಾಗೆ ಆಡಿದರೆ ರೋಗ್‌ಗೆ ಬೇಜಾರಾಗಲ್ಲ.

ಮುರಿದರೆ ಏನು ಅಂದಿರಿ. 2014ರ ಪುಸ್ತಕ ಪ್ರಾಯಶ್ಚಿತ್ತಕ್ಕೆ ದಾರಿ ಕೊಡುತ್ತೆ. ರಾತ್ರಿಯಿಡೀ ಜಾಗರಣೆ, ಉಪವಾಸ, ಆ ಥರದ್ದು. ಓತ್‌ಬ್ರೇಕರ್ (ಪ್ರತಿಜ್ಞೆ ಮುರಿದ ಪ್ಯಾಲಡಿನ್) ಅನ್ನೋದು ಬೇರೆ, ಅದು ಬೇಕಂತಲೇ ಕೆಟ್ಟ ದಾರಿ ಹಿಡಿದವನಿಗೆ. ಕೈ ಮೀರಿ ತಪ್ಪಾದವನನ್ನು ಅಲ್ಲಿಗೆ ತಳ್ಳುವುದನ್ನು ನಾನು ಒಪ್ಪಲ್ಲ. ನಿಮ್ಮ ನಟನಾದರೆ ತಾನು ಬಿಟ್ಟುಕೊಟ್ಟವನ ಊರಿಗೆ ಹೋಗಿ, ಆ ಜನರೆದುರು ಅದೇ ಪದ್ಯ ಮತ್ತೆ ಹಾಡಿ ಮಾತು ಕೊಡಬೇಕು. ಇದನ್ನು ನಿಮ್ಮ ಡಿ.ಎಂ.ಗೆ ಈಗಲೇ ಹೇಳಿಡಿ, ಅವರಿಗೂ ಕಥೆಗೆ ಒಂದು ಎಳೆ ಸಿಗುತ್ತೆ.

ಇನ್ನೊಂದು ವಿಷಯ. ನಿಯಮದ ಪ್ರಕಾರ ಓತ್ ಆರಿಸುವುದು ಲೆವೆಲ್ 3ರಲ್ಲಿ. ಮೊದಲ ಎರಡು ಲೆವೆಲ್ ಆಡಿ ನೋಡಿ. ಭಾನುವಾರಕ್ಕೆ ಮೊದಲು ರೋಗ್ ಆಡುವ ಗೆಳೆಯನಿಗೆ ಫೋನ್ ಮಾಡಿ, ನಿಮ್ಮ ಒಂದು ಸಾಲು ಓದಿ ಹೇಳಿ. ಇದರಿಂದ ತನ್ನ ಆಟಕ್ಕೆ ಅಡ್ಡಿ ಅಂತ ಅವನಿಗೆ ಅನ್ನಿಸಿದರೆ ಇಬ್ಬರೂ ಕೂತು ಸಾಲು ತಿದ್ದಿಕೊಳ್ಳಿ, ಲೆವೆಲ್ 3ರವರೆಗೆ ಸಮಯ ಇದೆ.