ಸಾರುವೆ: ಬೀಳುವುದಕ್ಕೆ ಏಳು ಕ್ರಿಯಾಪದ, ಹಿಡಿಯುವುದಕ್ಕೆ ಒಂದು ಹೆಸರಿಲ್ಲ

ಪದಪ್ರಿಯರೇ,

ಮನೆಗೆ ತಾವೇ ಬಣ್ಣ ಬಳಿಯುವವರಿಗೆ, ಸೂರಿನ ಅಂಚನ್ನು ತಾವೇ ಸರಿಪಡಿಸಿಕೊಳ್ಳುವವರಿಗೆ ಉಪಯೋಗವಾಗಲೆಂದು ಸ್ಕ್ಯಾಫೋಲ್ಡಿಂಗ್, ಅಂದರೆ ಎತ್ತರದಲ್ಲಿ ನಿಂತು ಕೆಲಸ ಮಾಡಲು ಕಟ್ಟುವ ತಾತ್ಕಾಲಿಕ ಚೌಕಟ್ಟಿನ ಕುರಿತು ನಾಲ್ಕು ಪುಟಗಳ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಶ್ರಮ ಉಳಿಯಲಿ ಎಂದು ಮೊದಲು ಯಂತ್ರಾನುವಾದದ ಮೊರೆಹೋದೆ. ಅದು ಕೊಟ್ಟ ಶೀರ್ಷಿಕೆ: ‘ಮನೆಯಲ್ಲಿ ಗಲ್ಲುಗಂಬವನ್ನು ಸುರಕ್ಷಿತವಾಗಿ ಬಳಸುವುದು ಹೇಗೆ’. ಯಂತ್ರವನ್ನೊಂದೇ ಬೈಯುವಂತಿಲ್ಲ. ಇಂಗ್ಲಿಷಿನ ಸ್ಕ್ಯಾಫೋಲ್ಡ್ ಪದಕ್ಕೆ ಅಪರಾಧಿಯನ್ನು ಹತ್ತಿಸುವ ವಧಾವೇದಿಕೆ ಎಂಬ ಅರ್ಥವೂ ಇದೆ. ಅಂದಿನಿಂದ ಪದಗಳನ್ನು ನಾನೇ ಹುಡುಕುತ್ತಿದ್ದೇನೆ. ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂಬುದನ್ನು ಇಲ್ಲಿ ತೋಡಿಕೊಳ್ಳುತ್ತೇನೆ.

ಇಡೀ ವಸ್ತುವಿನ ಹೆಸರಿನಲ್ಲಿ ತಕರಾರಿಲ್ಲ. ಸಾರುವೆ ಎಂಬ ಒಳ್ಳೆಯ ಪದವಿದೆ. ಸಾರವೆ ಎನ್ನುವವರೂ ಇದ್ದಾರೆ. ಸಾರು ಎಂದರೆ ಸಮೀಪಿಸು, ಹತ್ತಿರ ಬರು. ತಮಿಳಿನಲ್ಲಿ ಇದೇ ವಸ್ತುವಿಗೆ ಸಾರಂ ಎನ್ನುತ್ತಾರೆ. ಅಲ್ಲಿನ ಸಾರ್ ಧಾತುವಿಗೆ ಒರಗು ಎಂಬ ಅರ್ಥವೂ ಇದೆ. ಗೋಡೆಯನ್ನು ಸಾರಿ ನಿಲ್ಲುವುದು ಸಾರುವೆ ಎಂದು ಬಿಡಿಸಿಕೊಂಡರೆ ಚೆನ್ನಾಗಿಯೇ ಹೊಂದುತ್ತದೆ. ಈ ಬಿಡಿಸುವಿಕೆಗೆ ಹಳೆಯ ಪ್ರಯೋಗದ ಬೆಂಬಲ ಇದೆಯೇ? ಇದು ನನ್ನ ಮೊದಲ ಪ್ರಶ್ನೆ. ಸಾರುವೆಗೆ ಬಳಸುವ ಉದ್ದನೆಯ ಗಳುಗಳು ಹಲವು ಕಡೆ ಸರ್ವೆ ಮರದವು. ಈ ಸರ್ವೆಗೂ ಆ ಸಾರುವೆಗೂ ನಂಟಿದೆಯೇ, ಅಥವಾ ಕಿವಿಗೆ ಮಾತ್ರ ಹತ್ತಿರವೇ ಎಂಬುದೂ ಅದರ ಜೊತೆಗೇ ಬರುತ್ತದೆ. ಅಂದಹಾಗೆ, ಅಂತರ್ಜಾಲದಲ್ಲಿ ‘ಸಾರುವೆ’ ಎಂದು ಹುಡುಕಿದರೆ ನಿಮ್ಮ ಮಹಿಮೆಯನ್ನು ಲೋಕಕ್ಕೆ ಸಾರುವೆ ಎನ್ನುವ ಭಕ್ತರೇ ಮೊದಲು ಎದುರಾಗುತ್ತಾರೆ.

ಇನ್ನೊಂದು ಗೊಂದಲವನ್ನು ಮೊದಲೇ ಬಗೆಹರಿಸಿಬಿಡುತ್ತೇನೆ. ಸೆಂಟ್ರಿಂಗ್ ಎಂಬ ಮಾತನ್ನು ಸಾರುವೆಗೂ ಬಳಸುವುದನ್ನು ಕೇಳಿದ್ದೇನೆ. ಅದು ಹಸಿ ಕಾಂಕ್ರೀಟು ಗಟ್ಟಿಯಾಗುವವರೆಗೆ ಹೊರುವ ಅಚ್ಚು ಮತ್ತು ಆಸರೆ. ಸಾರುವೆ ಹೊರುವುದು ಕೆಲಸ ಮಾಡುವ ಜನರನ್ನು. ಎರಡೂ ಗಳು, ಪೈಪುಗಳದೇ ಆದರೂ ಒಂದರ ಆಸರೆಗಂಬವನ್ನು ಕಿತ್ತು ಇನ್ನೊಂದಕ್ಕೆ ಹಾಕಬಾರದು, ಒಂದರ ಹೆಸರನ್ನೂ ಇನ್ನೊಂದಕ್ಕೆ ಹಾಕಬಾರದು.

ನಿಜವಾದ ತೊಡಕು ಬಿಡಿಭಾಗಗಳದು. ನೆಟ್ಟಗೆ ನಿಲ್ಲುವುದು ನಿಲುಗಂಬ, ಅಡ್ಡ ಬರುವುದು ಅಡ್ಡಗಂಬಿ, ಕಾಲಿಡುವುದು ಹಲಗೆ, ಹಲಗೆಗಳೆಲ್ಲ ಸೇರಿ ಅಟ್ಟಣೆ. ಇಲ್ಲಿಯವರೆಗೆ ಸಲೀಸು. ಅಟ್ಟಣೆಯ ಸುತ್ತ ಸೊಂಟಕ್ಕಿಂತ ತುಸು ಮೇಲೆ, ಸುಮಾರು ಒಂದು ಮೀಟರು ಎತ್ತರದಲ್ಲಿ, ಬೀಳದಂತೆ ತಡೆಯುವ ಕಂಬಿಗೆ ಏನೆನ್ನೋಣ? ಕಟಾಂಜನ ಎಂಬ ಹಳೆಯ ಪದವಿದೆ, ಈಗಿನವರಿಗೆ ಅಪರಿಚಿತ. ಕಟಕಟೆ ಎಂದರೆ ಓದುಗ ನ್ಯಾಯಾಲಯಕ್ಕೆ ಹೋಗಿ ನಿಲ್ಲುತ್ತಾನೆ. ಕೈಪಿಡಿ ಎಂದರೆ ಪುಸ್ತಕ ತೆರೆಯುತ್ತಾನೆ. ಸದ್ಯಕ್ಕೆ ತಡೆಗಂಬಿ ಎಂದು ಬರೆದಿದ್ದೇನೆ. ಹಲಗೆಯ ಅಂಚಿನಲ್ಲಿ ಸುತ್ತಿಗೆಯೋ ಡಬ್ಬಿಯೋ ಉರುಳಿ ಕೆಳಗಿದ್ದವರ ತಲೆಯ ಮೇಲೆ ಬೀಳದಿರಲೆಂದು ನಿಲ್ಲಿಸುವ ಗಿಡ್ಡ ಪಟ್ಟಿಗೆ ಅಂಚುಪಟ್ಟಿ. ಬುಡದಲ್ಲಿ ಆಚೆಗೆ ಚಾಚಿ ನೆಲಕ್ಕೆ ಊರುವ ಓರೆಗಾಲಿಗೆ ಊರುಗಾಲು. ಊರುಗೋಲು ಇರುವಾಗ ಊರುಗಾಲು ಏಕಿರಬಾರದು? ತೊಡೆಗೂ ಊರು ಎಂಬ ಹೆಸರಿದೆ ಎಂದು ಸಂಸ್ಕೃತ ಬಲ್ಲ ಗೆಳೆಯರೊಬ್ಬರು ಆಕ್ಷೇಪಿಸಿದರು. ಬಣ್ಣದ ಡಬ್ಬಿ ಹಿಡಿದು ನಿಂತವರು ತೊಡೆಯನ್ನು ನೆನೆಯಲಾರರು ಎಂದು ನಾನು ಒಪ್ಪಲಿಲ್ಲ.

ಹೀಗೆ ಹೆಸರಿಗಾಗಿ ತಡಕಾಡುತ್ತಿರುವಾಗಲೇ ಇನ್ನೊಂದು ಗಮನಕ್ಕೆ ಬಂತು. ಕನ್ನಡದಲ್ಲಿ ಸಾರುವೆಯ ಭಾಗಗಳಿಗೆ ಹೆಸರು ಕಡಿಮೆ ಇರಬಹುದು. ಅದು ಕೆಡುವ ಬಗೆಗಳಿಗೆ ಪದಗಳು ಧಾರಾಳವಾಗಿವೆ, ಅವುಗಳಲ್ಲಿ ಒಂದು ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ. ನನ್ನ ಪಟ್ಟಿಯಲ್ಲಿ ಏಳು ಇವೆ: ಜಗ್ಗು, ಜಾರು, ಎಗರು, ಓಲು, ವಾಲು, ಕುಸಿ, ಮಗುಚು.

ಜಗ್ಗುವುದು ಹಲಗೆ. ಎರಡು ಆಧಾರಗಳ ನಡುವಿನ ಅಂತರ ಹೆಚ್ಚಾಯಿತು, ಅಥವಾ ಹಲಗೆ ತೆಳುವಾಯಿತು, ಬಿರುಕು ಬಿಟ್ಟಿದೆ ಎಂದು ಅರ್ಥ. ಜಾರುವುದೂ ಹಲಗೆಯೇ, ಆದರೆ ಅದಕ್ಕೆ ದಪ್ಪ ಮದ್ದಲ್ಲ; ಕೊಕ್ಕೆ ಬೇಕು ಅಥವಾ ಬಿಗಿದು ಕಟ್ಟಬೇಕು. ಎಗರುವುದಂತೂ ಎಲ್ಲಕ್ಕಿಂತ ಮೋಸದ್ದು. ಆಧಾರದಿಂದ ಬಹಳ ಆಚೆಗೆ ಚಾಚಿಕೊಂಡ ತುದಿಯನ್ನು ತುಳಿದರೆ ಹಲಗೆಯ ಇನ್ನೊಂದು ತುದಿ ಮೇಲಕ್ಕೆದ್ದು ನಿಂತವರನ್ನು ಚೆಲ್ಲಿಬಿಡುತ್ತದೆ. ಬಿಗಿಯದ ಹಲಗೆ ಆಧಾರದಿಂದ ಕನಿಷ್ಠ 15 ಸೆಂಟಿಮೀಟರು ಆಚೆ ಬರಬೇಕು, ಮೂರು ಮೀಟರು ಉದ್ದದ ಹಲಗೆಯಾದರೆ 30ನ್ನು ಮೀರಬಾರದು ಎಂದು ಅಮೆರಿಕದ ನಿಯಮ ಹೇಳುತ್ತದೆ. ಕಡಿಮೆಯಾದರೆ ಜಾರುತ್ತದೆ, ಹೆಚ್ಚಾದರೆ ಎಗರುತ್ತದೆ. ಇಂಗ್ಲಿಷಿನಲ್ಲಿ ಅರ್ಧ ಪುಟ ಹಿಡಿದ ವಿವರಣೆ ಕನ್ನಡದಲ್ಲಿ ಎರಡು ಕ್ರಿಯಾಪದಗಳಿಗೆ ಬಗ್ಗಿತು. ಆ ದಿನ ನನಗೆ ಅತ್ಯಂತ ಖುಷಿ ಕೊಟ್ಟದ್ದು ಇದೇ.

ಓಲುವುದು ಇಡೀ ಚೌಕಟ್ಟು. ಹತ್ತಿದರೆ ಅತ್ತಿತ್ತ ತೂಗುತ್ತದೆ ಎಂದರೆ ನೋಡಬೇಕಾದದ್ದು ಕತ್ತರಿಪಟ್ಟಿಯನ್ನು, ಅಂದರೆ ಗುಣಾಕಾರದ ಚಿಹ್ನೆಯಂತೆ ಓರೆಯಾಗಿ ಕೂರುವ ಎರಡು ಪಟ್ಟಿಗಳನ್ನು. ಕೆಲಸಕ್ಕೆ ಅಡ್ಡ ಬರುತ್ತದೆ ಎಂದು ಅದನ್ನು ಕಳಚಿಡುವವರಿದ್ದಾರೆ, ಏಣಿಯಂತೆ ಅದರ ಮೇಲೆಯೇ ಹತ್ತುವವರೂ ಇದ್ದಾರೆ. ಎರಡೂ ಕೂಡದು. ವಾಲುವುದು ಬೇರೆ: ಒಂದೇ ಕಡೆಗೆ, ನಿಧಾನವಾಗಿ. ಅದಕ್ಕೆ ಕಾರಣ ನೆಲದಲ್ಲಿರುತ್ತದೆ. ಮೆತ್ತನೆಯ ಮಣ್ಣಿನಲ್ಲಿ ಒಂದು ಕಾಲು ಇಳಿದಿರುತ್ತದೆ. ಕಾಲಿನ ಕೆಳಗೆ ಲೋಹದ ಅಡಿತಟ್ಟೆ, ಅದರ ಕೆಳಗೆ ಅಗಲವಾದ ಅಡಿಹಲಗೆ ಇರಬೇಕಿತ್ತು. ಇಟ್ಟಿಗೆ ಚೂರುಗಳನ್ನು ತುರುಕಿದರೆ ಆಗುವುದಿಲ್ಲ, ಅವು ಒಡೆಯುತ್ತವೆ. ಕುಸಿಯುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಯಾರಕರು ಬರೆದ ಭಾರಮಿತಿಯಲ್ಲಿ ನಿಮ್ಮ ಮೈತೂಕವಷ್ಟೇ ಅಲ್ಲ, ಡಬ್ಬಿ, ಗಾರೆ, ಉಪಕರಣ ಎಲ್ಲವೂ ಸೇರಿದೆ.

ಮಗುಚುವುದು ಚಕ್ರದ ಮೇಲಿನ ಇಕ್ಕಟ್ಟಾದ ಗೋಪುರಗಳ, ಅಂದರೆ ತಳ್ಳಿಕೊಂಡು ಹೋಗಬಹುದಾದ ಸಾರುವೆಗಳ ಗುಣ. ಎತ್ತರವು ಬುಡದ ಕಿರಿಯ ಅಗಲದ ನಾಲ್ಕು ಪಟ್ಟನ್ನು ಮೀರಿದರೆ ಗೋಡೆಗೆ ಬಿಗಿಯಬೇಕು ಅಥವಾ ಬೇರೆ ಹಿಡಿತ ಕೊಡಬೇಕು ಎಂಬುದು ಅದೇ ಅಮೆರಿಕದ ಲೆಕ್ಕ. ಇನ್ನೂ ಬಿಗಿಯಾದ ಲೆಕ್ಕಗಳೂ ಇವೆ, ತಯಾರಕರು ಕೊಟ್ಟದ್ದೇ ಅಂತಿಮ. ಮೇಲೆ ಒಬ್ಬರು ನಿಂತಿರುವಾಗ ಕೆಳಗಿನವರು ತಳ್ಳಿಕೊಂಡು ಹೋಗುವುದು, ಹೊರಮೈಯಿಂದ ಹತ್ತುವುದು, ಅಟ್ಟಣೆಯ ಮೇಲೆ ಏಣಿಯಿಡುವುದು ಮಗುಚುವುದಕ್ಕೆ ಕೊಡುವ ಆಹ್ವಾನಗಳು. ಇವುಗಳಲ್ಲಿ ಮೊದಲನೆಯದನ್ನು ನಾನೇ ಮಾಡಿದ್ದೇನೆ. ಗೋಪುರ ಮಗುಚಲಿಲ್ಲ, ಓಲಿತಷ್ಟೇ. ಆ ಎರಡು ಕ್ರಿಯಾಪದಗಳ ವ್ಯತ್ಯಾಸ ನನಗೆ ಇಷ್ಟು ಚೆನ್ನಾಗಿ ಗೊತ್ತಿರುವುದು ಹಾಗಾಗಿ.

ಬರಹವನ್ನು ಈಗ ಭಾಗಗಳ ಕ್ರಮದಲ್ಲಿ ಅಲ್ಲ, ಈ ಏಳು ಕ್ರಿಯಾಪದಗಳ ಕ್ರಮದಲ್ಲಿ ಜೋಡಿಸುತ್ತಿದ್ದೇನೆ. ಹತ್ತುವ ಮೊದಲು ಒಂದೊಂದನ್ನೂ ಪ್ರಶ್ನೆಯಾಗಿ ಕೇಳಿಕೊಂಡರಾಯಿತು: ಜಗ್ಗುತ್ತದೆಯೇ, ಜಾರುತ್ತದೆಯೇ ಎಂದು. ವಿದ್ಯುತ್ ತಂತಿಗೆ ಮಾತ್ರ ಈ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಸಾರುವೆ ಎಷ್ಟೇ ಗಟ್ಟಿಯಾಗಿದ್ದರೂ ಲೋಹದ ಪೈಪು ತಂತಿಯ ಹತ್ತಿರ ಹೋಗಬಾರದು. ಅದನ್ನು ಪ್ರತ್ಯೇಕ ಎಚ್ಚರಿಕೆಯಾಗಿ ಬರೆದಿದ್ದೇನೆ.

ಇನ್ನು ನಿಮ್ಮ ಅಭಿಪ್ರಾಯ ತೀರಾ ಬೇಕಾಗಿರುವ ಜೋಡಿಯೊಂದು. ಸಾರುವೆಯನ್ನು ಆರಿಸುವಾಗ ಎರಡು ಎತ್ತರಗಳು ಎದುರಾಗುತ್ತವೆ: ಅಟ್ಟಣೆ ಇರುವ ಎತ್ತರ, ಮತ್ತು ಅದರ ಮೇಲೆ ನಿಂತವರ ಕೈ ನಿಲುಕುವ ಎತ್ತರ. ಎರಡನೆಯದು ಸಾಮಾನ್ಯವಾಗಿ ಸುಮಾರು ಎರಡು ಮೀಟರು ಹೆಚ್ಚು. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಹೆಚ್ಚಾಗಿ ಈ ಎರಡನೆಯ ಅಂಕಿ. ಐದು ಮೀಟರಿನದೆಂದು ತಂದದ್ದರಲ್ಲಿ ನಿಲ್ಲುವ ಜಾಗ ಮೂರೇ ಮೀಟರಿನಲ್ಲಿರುತ್ತದೆ. ಆಮೇಲೆ ಎಟುಕಲಿಲ್ಲವೆಂದು ತಡೆಗಂಬಿಯ ಮೇಲೆ ಕಾಲಿಡುವ ಆಸೆ ಹುಟ್ಟುತ್ತದೆ. ನಿಲುವೆತ್ತರ, ಕೈಯೆತ್ತರ ಎಂದು ಬರೆದಿದ್ದೇನೆ. ನಿಲುವು ಎಂದರೆ ಅಭಿಪ್ರಾಯ ಎಂಬ ಅರ್ಥ ಪತ್ರಿಕೆಗಳಲ್ಲಿ ಬೇರೂರಿರುವುದರಿಂದ ಮೊದಲನೆಯದು ತೊಡಕಾದೀತೇ? ‘ಅಟ್ಟಣೆಯೆತ್ತರ’ ಎಂದರೆ ಅರ್ಥ ನಿಚ್ಚಳ, ಉಚ್ಚಾರ ಮಾತ್ರ ಬಾಯಿಗೆ ಸಿಕ್ಕಿಕೊಳ್ಳುತ್ತದೆ.

ಕೊನೆಯದು ಕ್ರಿಯೆಯ ಬಗ್ಗೆ. ಗಳುಗಳನ್ನು ಹಗ್ಗದಿಂದ ಬಿಗಿಯುತ್ತಿದ್ದ ಕಾಲದಿಂದ ಸಾರುವೆ ‘ಕಟ್ಟುತ್ತೇವೆ’. ಕ್ಲಾಂಪು, ಪಿನ್ನುಗಳ ಚೌಕಟ್ಟಿಗೂ ಅದೇ ಸಾಕೇ, ಅಥವಾ ‘ಜೋಡಿಸು’ ಎನ್ನಬೇಕೇ? ನನ್ನ ಒಲವು ಕಟ್ಟು ಕಡೆಗಿದೆ. ಬಿಚ್ಚು ಎಂಬ ವಿರುದ್ಧಪದ ಅದರ ಜೊತೆಗೇ ಬರುತ್ತದೆ, ಮೇಲಿನಿಂದ ಒಂದೊಂದಾಗಿ ಬಿಚ್ಚುತ್ತಾ ಬನ್ನಿ ಎಂದು ಬರೆಯುವುದು ಸುಲಭ. ಗಾರೆಯವರ, ಬಣ್ಣದವರ ಬಾಯಲ್ಲಿ ಊರುಗಾಲಿಗೂ ಅಂಚುಪಟ್ಟಿಗೂ ಆಗಲೇ ಹೆಸರಿದ್ದರೆ ನನ್ನ ಹೊಸ ಪದಗಳನ್ನು ಸಂತೋಷದಿಂದ ಅಳಿಸುತ್ತೇನೆ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದು ಕಳುಹಿಸಿ.